ನಟಿಸಲು ಬಂದವರಿಗೆಲ್ಲ ಕಲಿಸಲು ಬರುತ್ತದೆಯೆ? ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಬಹಿರಂಗ ಪತ್ರ

ಮಾನ್ಯ ಕುಲಪತಿಗಳಿಗೆ ಮತ್ತು ವಿದ್ಯಾವಿಷಯಕ ಪರಿಷತ್ತಿನ ಸದಸ್ಯರಿಗೆ,

ಮರಾಠಿಯಲ್ಲಿ ತಮ್ಮ ಹುದ್ದೆಯನ್ನು ಕುಲಗುರು ಎನ್ನುತ್ತಾರೆ. ನಟರ ಗುರುಗಳನ್ನು ತಯಾರು ಮಾಡುವ ಬಗ್ಗೆ ಬರೆಯುವ ಪತ್ರಕ್ಕೆ ಇದಕ್ಕಿಂತ ಸರಿಯಾದ ವಿಳಾಸ ನಮಗೆ ಹೊಳೆಯಲಿಲ್ಲ.

ನಮ್ಮ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ. ತಮ್ಮ ವಿಶ್ವವಿದ್ಯಾಲಯದ ಕಲಿನಾ ಆವರಣದಲ್ಲಿ ಅಕಾಡೆಮಿ ಆಫ್ ಥಿಯೇಟರ್ ಆರ್ಟ್ಸ್ ಇದೆ, ಕನ್ನಡ ವಿಭಾಗವೂ ಇದೆ. ಇವೆರಡೂ ಸೇರಿ ನಟನೆಯನ್ನು ಕಲಿಸುವುದು ಹೇಗೆಂದು ಕಲಿಸುವ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ಆರಂಭಿಸಬೇಕು. ನಟನೆಯ ಪದವಿ ಬೇರೆ, ಇದು ಬೇರೆ. ಅದರ ಅಭ್ಯಾಸಪಾಠ, ಅಂದರೆ ಶಿಕ್ಷಕನಾಗಲು ಬಂದವನು ನಟರಿಗೆ ಕಲಿಸಿಯೇ ಕಲಿಯುವ ಭಾಗ, ನಟ ಯಾವ ಭಾಷೆಯಲ್ಲಿ ಮಾತಾಡುತ್ತಾನೋ ಆ ಭಾಷೆಯಲ್ಲೇ ನಡೆಯಬೇಕು. ಮರಾಠಿ, ಹಿಂದಿ, ಗುಜರಾತಿಯಂತೆ ಕನ್ನಡದಲ್ಲೂ.

ನಟರನ್ನು ತಯಾರಿಸುವ ಸಂಸ್ಥೆಗಳಿಗೆ ಈ ದೇಶದಲ್ಲಿ ಬರವಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರದ್ದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ 1960ರಲ್ಲಿ ಹುಟ್ಟಿತು. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಲಲಿತ ಕಲಾ ಕೇಂದ್ರವಿದೆ, ಪಣಜಿಯಲ್ಲಿ ಕಲಾ ಅಕಾಡೆಮಿಯಿದೆ. ನಮ್ಮವರ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆದಿದೆ. ಇಲ್ಲಿಂದ ಹೊರಬಂದ ನಟರು ಕೆಲವು ವರ್ಷ ನಟಿಸುತ್ತಾರೆ, ಆಮೇಲೆ ಹೊಟ್ಟೆಪಾಡಿಗೋ ಪ್ರೀತಿಗೋ ಕಲಿಸತೊಡಗುತ್ತಾರೆ. ಕಲಿಸುವುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ತಮ್ಮ ಮೇಷ್ಟ್ರು ತಮಗೆ ಮಾಡಿಸಿದ್ದನ್ನೇ ಅವರು ಮುಂದಿನವರಿಗೆ ಮಾಡಿಸುತ್ತಾರೆ. ಮೇಷ್ಟ್ರ ಬೈಗುಳವೂ ಪಾಠದ ಭಾಗವೆಂದು ಅದರ ಜತೆಗೇ ದಾಟಿ ಬರುತ್ತದೆ. ಕಾಲೇಜಿನಲ್ಲಿ ಕೆಲಸ ಬೇಕೆಂದರೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ನೆಟ್ ಪರೀಕ್ಷೆ ಇದೆಯಲ್ಲ ಎನ್ನಬಹುದು. ಎರಡು ಪತ್ರಿಕೆ, 150 ಬಹುಆಯ್ಕೆ ಪ್ರಶ್ನೆ, ಮೂರು ಗಂಟೆ, ಕಂಪ್ಯೂಟರಿನ ಮುಂದೆ. ಎಂಟು ಜನ ಬರಿಗಾಲಲ್ಲಿ ನಿಂತ ಕೋಣೆಯೊಳಗೆ ಈ ಅಭ್ಯರ್ಥಿ ಏನು ಮಾಡುತ್ತಾನೆಂಬುದು ಅದರಿಂದ ತಿಳಿಯುವುದಿಲ್ಲ.

ಹೊರದೇಶಗಳಲ್ಲಿ ಇದನ್ನು ಬೇರೆಯೇ ವಿದ್ಯೆಯೆಂದು ಒಪ್ಪಿಕೊಂಡಿದ್ದಾರೆ. 1906ರಲ್ಲಿ ಎಲ್ಸಿ ಫೋಗರ್ಟಿ ಲಂಡನ್ನಿನಲ್ಲಿ ಕಟ್ಟಿದ ಶಾಲೆ ಇಂದು ರಾಯಲ್ ಸೆಂಟ್ರಲ್ ಸ್ಕೂಲ್ ಆಫ್ ಸ್ಪೀಚ್ ಅಂಡ್ ಡ್ರಾಮಾ ಆಗಿದೆ. ನಟರ ತರಬೇತಿ ಮತ್ತು ಕೋಚಿಂಗಿಗೆಂದೇ ಅಲ್ಲಿ ಎಂ.ಎ. ಇದೆ, ಧ್ವನಿ ಕಲಿಸುವವರಿಗೆ ಅದರಿಂದ ಪ್ರತ್ಯೇಕವಾದ ಇನ್ನೊಂದು ಎಂ.ಎ. ಇದೆ. ಆ ಪಠ್ಯವನ್ನು ಹಾಗೇ ಎತ್ತಿ ತಂದು ಕಲಿನಾದಲ್ಲಿ ಇಳಿಸಿ ಎಂದು ನಾವು ಕೇಳುತ್ತಿಲ್ಲ. ತಂದರೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೇ ಈ ಪತ್ರದ ನಡುಭಾಗದಲ್ಲಿ ವಿವರವಾಗಿ ಬರೆದಿದ್ದೇವೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಟನ ಜತೆ ಕೆಲಸ ಮಾಡುವವರು ಮೂರು ಬಗೆ. ಶಿಕ್ಷಕ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು, ಯಾವ ಪಾತ್ರ ಬಂದರೂ ಬಳಕೆಗೆ ಬರುವ ಕೌಶಲವನ್ನು ಮೈಗೂಡಿಸುತ್ತಾನೆ. ಕೋಚ್‌ಗೆ ಸಿಗುವುದು ಒಂದು ಪಾತ್ರ, ಒಂದು ಆಡಿಷನ್, ಕೆಲವೊಮ್ಮೆ ಬರೀ ಮುಕ್ಕಾಲು ಗಂಟೆ; ನಟನಲ್ಲಿ ಆಗಲೇ ಏನಿದೆಯೋ ಅದನ್ನು ಕೆಲಸಕ್ಕೆ ಹಚ್ಚುವುದು ಅವನ ಕಸುಬು. ನಿರ್ದೇಶಕನಿಗೆ ನಾಟಕವೋ ಚಿತ್ರವೋ ಮುಖ್ಯ. ಇಲ್ಲಿಯ ನಮ್ಮ ಹವ್ಯಾಸಿ ತಂಡಗಳಲ್ಲಿ ಮೂರೂ ಕೆಲಸ ಒಬ್ಬನ ಹೆಗಲ ಮೇಲೆ ಬೀಳುತ್ತವೆ. ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಶಿಕ್ಷಕ ಸತ್ತು ನಿರ್ದೇಶಕ ಮಾತ್ರ ಉಳಿಯುತ್ತಾನೆ. ‘ಈ ಮಾತನ್ನು ಹೀಗೆ ಹೇಳು’ ಎಂದು ತಾನೇ ಹೇಳಿ ತೋರಿಸುತ್ತಾನೆ, ನಟ ಅದನ್ನು ಗಿಳಿಪಾಠ ಒಪ್ಪಿಸುತ್ತಾನೆ. ಆ ಮಾತು ಆ ಸಂಜೆಗೆ ಸರಿಯಾಗುತ್ತದೆ. ಮುಂದಿನ ನಾಟಕಕ್ಕೆ ಅವನು ಮತ್ತೆ ಬರಿಗೈಯಲ್ಲಿ ಬರುತ್ತಾನೆ. ಚಿತ್ರೀಕರಣದಲ್ಲಿ ಅಪಾಯ ಇನ್ನೊಂದು ಬಗೆಯದು. ಕೋಚ್ ನಟನ ಕಿವಿಯಲ್ಲಿ ಒಂದು ಹೇಳುತ್ತಾನೆ, ನಿರ್ದೇಶಕ ಮಾನಿಟರ್ ಹಿಂದಿನಿಂದ ಇನ್ನೊಂದು ಹೇಳುತ್ತಾನೆ, ನಡುವೆ ನಟ ಬೆಪ್ಪಾಗುತ್ತಾನೆ. ಸೆಟ್ಟಿನಲ್ಲಿ ಕೋಚ್ ಹೇಳುವ ಪ್ರತಿ ಮಾತೂ ನಿರ್ದೇಶಕನ ಒಪ್ಪಿಗೆ ಪಡೆದೇ ಹೋಗಬೇಕೆಂಬ ಶಿಸ್ತು ಪಠ್ಯದಲ್ಲಿ ಬರದಿದ್ದರೆ ಅದನ್ನು ಕೆಲಸ ಕಳೆದುಕೊಂಡೇ ಕಲಿಯಬೇಕಾಗುತ್ತದೆ.

ಪದವಿಯ ತಿರುಳು ಅಭ್ಯಾಸಪಾಠ. ಉಳಿದದ್ದಕ್ಕೆ ಎಲ್ಲೂ ಪುಸ್ತಕ ಸಿಗುತ್ತದೆ. ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಕನಿಷ್ಠ 80 ಕ್ರೆಡಿಟ್ ಬೇಕು. ಪ್ರಾಯೋಗಿಕ ಕೆಲಸದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆ. ಅಭ್ಯಾಸಪಾಠಕ್ಕೆ 24 ಕ್ರೆಡಿಟ್ ಇಡಿ, 720 ಗಂಟೆ ಸಿಗುತ್ತದೆ. ಅದರಲ್ಲಿ 120 ಗಂಟೆ ಬೇರೆಯವರ ಪಾಠವನ್ನು ಮೂಲೆಯಲ್ಲಿ ಕೂತು ನೋಡುವುದು, 150 ಗಂಟೆ ಸಹಾಯಕನಾಗಿ ನಿಲ್ಲುವುದು, 180 ಗಂಟೆ ತಾನೇ ತರಗತಿ ನಡೆಸುವುದು, 90 ಗಂಟೆ ಒಬ್ಬೊಬ್ಬರೇ ನಟರಿಗೆ ಕೋಚಿಂಗ್. ಉಳಿದ 180 ಗಂಟೆ ದಿನಚರಿ ಬರೆಯುವುದಕ್ಕೆ ಮತ್ತು ಪಾಠದ ನಂತರದ ಚರ್ಚೆಗೆ. ಈ ಕೊನೆಯದನ್ನು ಕತ್ತರಿಸುವ ಆಸೆ ಸಮಿತಿಯಲ್ಲಿ ಯಾರಿಗಾದರೂ ಹುಟ್ಟಿಯೇ ಹುಟ್ಟುತ್ತದೆ. ದಯವಿಟ್ಟು ಬೇಡ. ಪಾಠ ಮುಗಿದ ದಿನವೇ ಇಪ್ಪತ್ತು ನಿಮಿಷ, ನೋಡಿದವರು ಕಂಡದ್ದನ್ನು ಹೇಳದೆ ಹೋದರೆ ಎರಡೆರಡು ಗಂಟೆಯಂತೆ 180 ಗಂಟೆ ಕಲಿಸಿದವನು ಒಂದೇ ತಪ್ಪನ್ನು 90 ಬಾರಿ ಮಾಡಿರುತ್ತಾನೆ.

ನೋಡುವುದಕ್ಕೂ ತರಬೇತಿ ಬೇಕು. ಹೊಸಬ ಮೂಲೆಯಲ್ಲಿ ಕೂತರೆ ನಟರನ್ನೇ ನೋಡುತ್ತಾನೆ, ನಾಟಕ ನೋಡಲು ಬಂದವನ ಹಾಗೆ. ಅವನು ನೋಡಬೇಕಾದ್ದು ಶಿಕ್ಷಕನನ್ನು: ಸೂಚನೆಗೆ ಎಷ್ಟು ವಾಕ್ಯ ತೆಗೆದುಕೊಂಡ, ಎಲ್ಲಿ ನಿಂತ, ಯಾರನ್ನು ಹೆಸರು ಹಿಡಿದು ಕರೆದ, ಯಾರ ಕಡೆ ಒಮ್ಮೆಯೂ ತಿರುಗಲಿಲ್ಲ. ಒಂದು ಕೈಗಡಿಯಾರ, ಒಂದು ಎಕ್ಸರ್‌ಸೈಜು ಪುಸ್ತಕ ಸಾಕು. ಎರಡು ಗಂಟೆಯ ತರಗತಿಯಲ್ಲಿ ಶಿಕ್ಷಕನ ಮಾತು ಅರ್ಧ ಗಂಟೆ ದಾಟಿತೆಂದರೆ ಅದು ಪಾಠವಾಗಿ ಉಳಿಯಲಿಲ್ಲ, ಉಪನ್ಯಾಸವಾಯಿತು.

ಎರಡು ಗಂಟೆಯನ್ನು ಹೀಗೆ ಹಂಚಬಹುದು: ಬಂದು ಸೇರಿಕೊಳ್ಳಲು 10 ನಿಮಿಷ, ಮೈ-ದನಿ ಸಡಿಲಿಸಲು 20, ಆ ದಿನದ ಒಂದೇ ಒಂದು ಅಭ್ಯಾಸಕ್ಕೆ 35, ಅದನ್ನು ನಾಟಕದ ಮಾತಿಗೆ ಹಚ್ಚಲು 40, ಕೊನೆಗೆ ಕೂತು ಮಾತಾಡಲು 15. ಕಾಗದದ ಮೇಲೆ ಚೆಂದ. ಕೋಣೆಯಲ್ಲಿ ಕೆಡುವ ಜಾಗ ಸದಾ ಒಂದೇ. ವಾರ್ಮ್ ಅಪ್ ನಗುನಗುತ್ತ ನಡೆಯುತ್ತಿರುತ್ತದೆ, ಶಿಕ್ಷಕನಿಗೂ ಖುಷಿ, 20 ನಿಮಿಷ 50 ಆಗುತ್ತದೆ. ನಾಟಕದ ಮಾತಿಗೆ ಹಚ್ಚುವ 40 ನಿಮಿಷ ಕೊಚ್ಚಿಹೋಗುತ್ತದೆ. ಶಿಬಿರ ಮುಗಿಸಿದ ಮಕ್ಕಳಿಗೆ ಐವತ್ತು ಆಟ ಗೊತ್ತಿದ್ದರೂ ನಾಲ್ಕು ಸಾಲು ಹೇಳಲು ಬಾರದಿರುವುದು ಇದರಿಂದಲೇ. ಆಟದಿಂದ ಪಠ್ಯಕ್ಕೆ ಸೇತುವೆ ಕಟ್ಟುವುದೇ ಕಷ್ಟದ ಕೆಲಸ, ಕಷ್ಟವಾದ್ದರಿಂದಲೇ ಅದು ಮುಂದೂಡಿಕೆಯಾಗುತ್ತದೆ.

ನಟನಿಗೆ ಕೊಡುವ ಟಿಪ್ಪಣಿಯ ಮಾತು. ‘ಚೆನ್ನಾಗಿತ್ತು’, ‘ಇನ್ನೂ ಫೀಲ್ ಬರಲಿ’, ‘ಎನರ್ಜಿ ಸಾಲದು’: ಇವು ಮೂರೂ ನಟನಿಗೆ ಉಪಯೋಗಕ್ಕೆ ಬಾರದ ಮಾತು. ಟಿಪ್ಪಣಿಯಲ್ಲಿ ಎರಡೇ ಇರಬೇಕು: ಕಣ್ಣಿಗೆ ಕಂಡದ್ದು, ಮುಂದಿನ ಸಲ ಮಾಡಿ ನೋಡಬೇಕಾದ್ದು. ‘ಅವಳು ಬಾಗಿಲು ಹಾಕಿದಾಗ ನೀನು ನೆಲ ನೋಡಿದೆ. ಈ ಸಲ ಬಾಗಿಲು ಹಾಕಿ ಮುಗಿಯುವ ತನಕ ಅವಳ ಕೈ ನೋಡು.’ ಒಂದು ಸಲಕ್ಕೆ ಒಂದೇ. ಐದು ಟಿಪ್ಪಣಿ ಒಟ್ಟಿಗೆ ಕೊಟ್ಟರೆ ನಟ ಆರನೆಯದೊಂದನ್ನು ಮಾಡುತ್ತಾನೆ.

ಇನ್ನು ಭಾಷೆ. ನಟಶಿಕ್ಷಣದ ಪಠ್ಯಗಳು ಹೆಚ್ಚಾಗಿ ರಷ್ಯನ್ನಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮ್ಮ ತರಗತಿಗೆ ಬಂದವು. ಪದಗಳನ್ನು ಅನುವಾದಿಸಿದ್ದೇವೆ, ಅಭ್ಯಾಸವನ್ನು ಅನುವಾದಿಸಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಲ್ಲವೆಂಬ ಅರ್ಥ, ಕಾಲ, ಗೌರವ, ಯಾರು ಮಾಡಿದರೆಂಬ ಗುರುತು ಎಲ್ಲ ಆ ಬಾಲದಲ್ಲೇ. ‘ಅವನು ನಿನ್ನೆ ರಾತ್ರಿ ಆ ಮನೆಗೆ ಹೋಗಲಿಲ್ಲ.’ ಹೊಸ ನಟ ಉಸಿರೆಲ್ಲವನ್ನೂ ‘ನಿನ್ನೆ ರಾತ್ರಿ’ಗೆ ಸುರಿದು ‘ಲಿಲ್ಲ’ ಬರುವ ಹೊತ್ತಿಗೆ ಬತ್ತಿಹೋಗಿರುತ್ತಾನೆ. ಕೊನೆಯ ಸಾಲಿನವರಿಗೆ ಅವನು ಹೋದನೋ ಇಲ್ಲವೋ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಲವೆಂಬ ಪದ ಸಾಮಾನ್ಯವಾಗಿ ವಾಕ್ಯದ ನಡುವೆಯೇ ಬಂದುಹೋಗಿರುತ್ತದೆ, ಹಾಗಾಗಿ ಅವರ ಪುಸ್ತಕಕ್ಕೆ ಈ ತೊಂದರೆ ನಮ್ಮಷ್ಟು ಕಾಡಿಲ್ಲ.

ಪರಿಹಾರ ಸರಳ. ವಾಕ್ಯವನ್ನು ಹಿಂದಿನಿಂದ ಕಟ್ಟಿಸಿ. ಮೊದಲು ‘ಹೋಗಲಿಲ್ಲ’, ಆಮೇಲೆ ‘ಮನೆಗೆ ಹೋಗಲಿಲ್ಲ’, ‘ಆ ಮನೆಗೆ ಹೋಗಲಿಲ್ಲ’, ಹೀಗೆ ಒಂದೊಂದೇ ಪದ ಮುಂದೆ ಸೇರಿಸುತ್ತ ಬರುವುದು. ಬಾಲ ಗಟ್ಟಿಯಾಗಿ ಉಳಿಯುತ್ತದೆ, ಎಷ್ಟು ಉಸಿರು ಬೇಕೆಂದು ಮೈಗೆ ತಾನಾಗಿ ತಿಳಿಯುತ್ತದೆ. ಅತಿಯಾದರೆ ಏನಾಗುತ್ತದೆ ಎಂಬುದೂ ಗೊತ್ತಿರಬೇಕು: ಕೊನೆಯ ಪದದ ಸ್ಥಾಯಿಯನ್ನು ಎತ್ತಿ ಎತ್ತಿ ನಟ ವಾರ್ತಾವಾಚಕನಾಗುತ್ತಾನೆ. ಅಲ್ಲಿ ಬೇಕಾದ್ದು ಉಸಿರಿನ ಆಸರೆ, ಏರುದನಿಯಲ್ಲ.

ಒತ್ತು ಕೊಡುವ ವಿಷಯದಲ್ಲೂ ಹಾಗೇ. ‘ನೀನು ಬಂದೆ’, ‘ನೀನೇ ಬಂದೆ’, ‘ನೀನೂ ಬಂದೆ’, ‘ನೀನಾ ಬಂದಿದ್ದು?’ ಇಂಗ್ಲಿಷ್ ನಟ ದನಿಯಲ್ಲಿ ಮಾಡಬೇಕಾದ ಕೆಲಸವನ್ನು ನಮಗೆ ಏ, ಊ, ಆ ಮಾಡಿಕೊಡುತ್ತವೆ. ಅದರ ಮೇಲೆ ದನಿಯಲ್ಲೂ ಗುದ್ದಿದರೆ ಕಂಪನಿ ನಾಟಕದ ಕೆಟ್ಟ ಅನುಕರಣೆಯಾಗುತ್ತದೆ (ಒಳ್ಳೆಯ ಕಂಪನಿ ನಟರು ಹಾಗೆ ಗುದ್ದುತ್ತಿರಲಿಲ್ಲ, ಅದು ಬೇರೆ ಮಾತು).

ಪಾತ್ರದ ಉದ್ದೇಶವನ್ನು ಕ್ರಿಯಾಪದದಲ್ಲಿ ಹೇಳಬೇಕೆಂಬುದು ರಷ್ಯದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯಿಂದ ಬಂದ ಪದ್ಧತಿ. ದುಃಖಪಡುವುದನ್ನು ಆಡಿ ತೋರಿಸಲಾಗದು. ಎದುರಿನವನಿಗೆ ಏನನ್ನೋ ಮಾಡುವುದನ್ನು ಆಡಬಹುದು. ಇಲ್ಲಿ ಕನ್ನಡ ನಮಗೆ ವರ ಕೊಟ್ಟಿದೆ. ನಗು ಎಂಬುದು ನನಗಾಗುವುದು, ನಗಿಸು ಎಂಬುದು ನಿನಗೆ ನಾನು ಮಾಡುವುದು. ಅಳು, ಅಳಿಸು. ನಂಬು, ನಂಬಿಸು. ಒಪ್ಪು, ಒಪ್ಪಿಸು. ಕೆರಳು, ಕೆರಳಿಸು. ‘ಇಸು’ ಹಚ್ಚಿದ ಕೂಡಲೇ ನಟನ ಕಣ್ಣು ತನ್ನಿಂದ ಎದುರಿನವನ ಕಡೆ ಹೊರಳುತ್ತದೆ. ಒಂದು ಗುಂಡಿ ಇದೆ, ಬೀಳದ ಹಾಗೆ ನೋಡಿಕೊಳ್ಳಬೇಕು: ಪ್ರೀತಿಸು, ದ್ವೇಷಿಸು, ಚಿಂತಿಸು ಇವಕ್ಕೂ ಅದೇ ಬಾಲವಿದೆ, ಆದರೆ ಇವು ಮತ್ತೆ ಒಳಗಿನ ಸ್ಥಿತಿಗಳೇ. ಪರೀಕ್ಷೆ ಒಂದೇ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದು ಎದುರಿನವನ ಮುಖ ನೋಡಿದರೆ ತಿಳಿಯುತ್ತದೆಯೆ? ನಂಬಿಸಲು ಹೊರಟವನಿಗೆ ತಿಳಿಯುತ್ತದೆ. ದ್ವೇಷಿಸಲು ಹೊರಟವನಿಗೆ ತಿಳಿಯುವುದಿಲ್ಲ. ಎರಡು ಪುಟದ ದೃಶ್ಯಕ್ಕೆ ಇಂಥ ಆರೆಂಟು ಪದ ಸಾಕು. ಹದಿನೈದು ಬರೆದುಕೊಂಡವನು ರಂಗದ ಮೇಲೆ ಪಟ್ಟಿ ಓದುತ್ತಿರುತ್ತಾನೆ.

ಸ್ಯಾನ್‌ಫರ್ಡ್ ಮೈಸ್ನರ್ ಎಂಬ ಅಮೆರಿಕದ ನಟಶಿಕ್ಷಕರ ಪುನರುಕ್ತಿ ಅಭ್ಯಾಸ ಇನ್ನೊಂದು ಉದಾಹರಣೆ. ಅವರು ಕಲಿಸುತ್ತಿದ್ದ ನ್ಯೂಯಾರ್ಕಿನ ನೇಬರ್‌ಹುಡ್ ಪ್ಲೇಹೌಸ್‌ನಲ್ಲಿ ಕಲಿತ ರೋಶನ್ ತನೇಜಾ ಪುಣೆಯ ಇನ್‌ಸ್ಟಿಟ್ಯೂಟಿನಲ್ಲಿ ನಟನೆ ಕಲಿಸಿದ್ದರಿಂದ ನಮ್ಮ ಕಡೆ ಈ ಹಾದಿಯ ಪರಿಚಯ ಹಳೆಯದು. ಇಬ್ಬರು ಎದುರೆದುರು ಕೂತು ಕಂಡದ್ದನ್ನು ಹೇಳುತ್ತ, ಕೇಳಿದ್ದನ್ನೇ ತಿರುಗಿ ಹೇಳುತ್ತ ಹೋಗುವುದು. ಇಂಗ್ಲಿಷಿನಲ್ಲಿ ಎದುರಿನವನು ಯಾರೇ ಇರಲಿ, ಸರ್ವನಾಮ ಒಂದೇ. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ತೀರ್ಮಾನವಾಗಬೇಕು: ‘ನೀನು ಕನ್ನಡಕ ಹಾಕಿದ್ದೀಯ’ ಎನ್ನಬೇಕೋ ‘ನೀವು ಕನ್ನಡಕ ಹಾಕಿದ್ದೀರಿ’ ಎನ್ನಬೇಕೋ? ಇಪ್ಪತ್ತರ ಹುಡುಗಿ ನಲವತ್ತೈದರ ಹೋಟೆಲ್ ಮ್ಯಾನೇಜರ್ ಎದುರು ಕೂತಿದ್ದಾಳೆ. ಇಂಗ್ಲಿಷ್ ಪುಸ್ತಕ ಓದಿದ ಶಿಕ್ಷಕ ‘ಎಲ್ಲರೂ ನೀನು ಎನ್ನಿ’ ಎಂದು ಅಪ್ಪಣೆ ಕೊಡಿಸಿ ಮುಗಿಸುತ್ತಾನೆ. ಅಭ್ಯಾಸದ ಅರ್ಧ ಚಿನ್ನ ಅಲ್ಲೇ ಚೆಲ್ಲಿಹೋಗುತ್ತದೆ. ಅವರಿಗೆ ತೋಚಿದ್ದರಿಂದ ಶುರುವಾಗಲಿ. ಹತ್ತು ನಿಮಿಷದ ಮೇಲೆ ‘ನೀವು’ ಜಾರಿ ‘ನೀನು’ ಆದ ಕ್ಷಣವನ್ನು ಶಿಕ್ಷಕ ಹಿಡಿಯಬೇಕು. ಇಬ್ಬರ ನಡುವೆ ಏನೋ ನಡೆದದ್ದು ಆಗಲೇ.

ಮುಂಬಯಿ ಕನ್ನಡಿಗನ ಬಾಯಿಯಲ್ಲಿ ನಾಲ್ಕು ಭಾಷೆ ವಾಸವಾಗಿವೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಇಂಗ್ಲಿಷ್ ಅಥವಾ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ರಂಗದ ಮೇಲೆ ಕನ್ನಡ. ಕೋಚ್ ಮೊದಲು ತಪ್ಪು ಎಲ್ಲಿಂದ ಬಂತೆಂದು ಹಿಡಿಯಬೇಕು, ಆಮೇಲೆ ತಿದ್ದಬೇಕು. ಹಿಂದಿಯ ಕಿವಿಗೆ ಳಕಾರವಿಲ್ಲ; ಅಲ್ಲಿಂದ ಬಂದವನು ‘ನಮ್ಮ ಹಳ್ಳಿಗೆ ಬಾ’ ಎನ್ನಲು ಹೋಗಿ ಹಲ್ಲಿಯನ್ನು ಕರೆಯುತ್ತಾನೆ. ಮರಾಠಿ ಶಾಲೆಯ ಹುಡುಗನಿಗೆ ಳ ಸಲೀಸು, ಆದರೆ ಹಿಂದಿ-ಮರಾಠಿ ಎರಡರಲ್ಲೂ ಎ-ಏ, ಒ-ಓ ಭೇದವಿಲ್ಲ. ಅವನ ಬಾಯಲ್ಲಿ ಬೆಳೆ ಬೇಳೆಯಾಗುತ್ತದೆ, ಕೊಡು ಕೋಡಾಗುತ್ತದೆ. ಬರಗಾಲದ ದೃಶ್ಯದಲ್ಲಿ ರೈತ ‘ಬೇಳೆ ಹೋಯಿತು’ ಎಂದು ಅತ್ತರೆ ಸಭೆ ನಗದೆ ಏನು ಮಾಡೀತು? ತಿರುಗಾಮುರುಗ ಹಿಂದಿ ಆಡಿಷನ್‌ಗೆ ಹೋದ ಕನ್ನಡಿಗ ಪ್ರತಿ ವ್ಯಂಜನದ ಬಾಲಕ್ಕೂ ಒಂದು ಉಕಾರ ಅಂಟಿಸಿ ‘ಕಾಮ್’ ಅನ್ನು ‘ಕಾಮು’ ಮಾಡುತ್ತಾನೆ. ಇವೆಲ್ಲ ಐದು ನಿಮಿಷದ ಜೋಡಿಪದಗಳ ಅಭ್ಯಾಸದಿಂದ ಆರೇಳು ವಾರದಲ್ಲಿ ಹಿಡಿತಕ್ಕೆ ಬರುವಂಥವು, ದಿನವೂ ಮಾಡಿಸಿದರೆ. ಆದರೆ ಕುಂದಾಪುರದ ಹೆಣ್ಣಿನ ಪಾತ್ರವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದುವುದು, ಧಾರವಾಡದ ‘ಹೊಂಟೀನಿ’ಯನ್ನು ‘ಹೊರಟಿದ್ದೇನೆ’ ಮಾಡುವುದು ತಿದ್ದುವಿಕೆಯಲ್ಲ, ಹಾಳುಗೆಡಹುವಿಕೆ. ಯಾವುದು ದೋಷ, ಯಾವುದು ಊರಿನ ಮಾತು ಎಂದು ಬಿಡಿಸಿ ಹೇಳಬಲ್ಲವರು ಭಾಷಾವಿಜ್ಞಾನ ಬಲ್ಲ ಕನ್ನಡ ವಿಭಾಗದವರು. ಅವರನ್ನು ಈ ಪದವಿಗೆ ಸೇರಿಸಿಕೊಳ್ಳಿ ಎನ್ನುವುದು ಈ ಕಾರಣಕ್ಕೆ, ಭಾಷಾಭಿಮಾನಕ್ಕಲ್ಲ.

ನಮ್ಮಲ್ಲಿ ಅನೇಕ ನಟರು ಯಕ್ಷಗಾನದಿಂದ ಬರುತ್ತಾರೆ. ತಾಳಮದ್ದಳೆಯಲ್ಲಿ ಅರ್ಥ ಹೇಳಿದವನಿಗೆ ಆಶುಮಾತು ಕಲಿಸುವ ಅಗತ್ಯವೇ ಇಲ್ಲ. ಎದುರಾಳಿಯ ಮಾತಿನ ಎಳೆ ಹಿಡಿದು ಅಲ್ಲೇ ಉತ್ತರ ಕಟ್ಟುವ ವಿದ್ಯೆ ಅವನಿಗೆ ಕರಗತ. ಅವನು ಕ್ಯಾಮೆರಾ ಮುಂದೆ ನಿಂತಾಗ ಕೋಚ್ ಹೇಳುವ ಮೊದಲ ಮಾತು ‘ಕಡಿಮೆ ಮಾಡಿ’. ಅದು ಕೆಟ್ಟ ಸೂಚನೆ. ಕಡಿಮೆ ಮಾಡಿದ ನಟ ಸತ್ತಂತೆ ಕಾಣುತ್ತಾನೆ. ಬದಲಿಗೆ ಕೇಳುವವನ ದೂರವನ್ನು ಬದಲಿಸಿ. ಅದೇ ಮಾತು, ಅದೇ ಹಟ, ಮೊದಲು ನಲವತ್ತು ಅಡಿ ಆಚೆ ನಿಂತವನಿಗೆ, ಆಮೇಲೆ ಹತ್ತು ಅಡಿ, ಕೊನೆಗೆ ಮೂರು ಅಡಿ. ಮೈ ತನ್ನಷ್ಟಕ್ಕೆ ಅಳತೆ ಹೊಂದಿಸಿಕೊಳ್ಳುತ್ತದೆ, ಒಳಗಿನ ಬಿಸಿ ಆರುವುದಿಲ್ಲ. ಭರತನ ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕಗಳನ್ನು ಪರೀಕ್ಷೆಯ ಪ್ರಶ್ನೆಯಾಗಿ ಕಂಠಪಾಠ ಮಾಡಿಸುವ ಬದಲು ಇಂಥ ನಟನ ಮೈಯಲ್ಲಿ ಯಾವುದು ಎಲ್ಲಿ ಕೂತಿದೆ ಎಂದು ಗುರುತಿಸಲು ಬಳಸಿದರೆ ಒಂದು ಸೆಮಿಸ್ಟರಿಗೆ ಸಾಕಾಗುವಷ್ಟು ಕೆಲಸವಿದೆ. ಯುರೋಪಿನ ನೃತ್ಯಗುರು ಲಬಾನ್‌ನ ಎಂಟು ಬಗೆಯ ಚಲನೆಗಳೂ ಅದರ ಪಕ್ಕದಲ್ಲೇ ಇರಲಿ.

ದನಿಯ ಪಾಠದಲ್ಲಿ ಶಿಕ್ಷಕ ತನ್ನ ಎಲ್ಲೆ ತಿಳಿದಿರಬೇಕು. ಕಿರಿದಾದ ಸ್ಟ್ರಾವನ್ನು ನೀರಿನಲ್ಲಿ ಎರಡು ಮೂರು ಸೆಂಟಿಮೀಟರ್ ಅದ್ದಿ ಗುಳುಗುಳು ಮಾಡುತ್ತ ದನಿ ಹೊರಡಿಸುವ ಅಭ್ಯಾಸ ದಣಿದ ಗಂಟಲಿಗೆ ಒಳ್ಳೆಯದು, ಖರ್ಚಿಲ್ಲದ್ದು. ಆದರೆ ಗೊಗ್ಗರು ದನಿ ಮೂರು ವಾರ ದಾಟಿದರೂ ಇಳಿಯದಿದ್ದರೆ ಅದು ಅಭ್ಯಾಸದ ವಿಷಯವಲ್ಲ, ಕಿವಿ-ಮೂಗು-ಗಂಟಲು ವೈದ್ಯರ ವಿಷಯ. ಜೇನು, ಶುಂಠಿ, ಜ್ಯೇಷ್ಠಮಧು ಎನ್ನುತ್ತ ಪ್ರದರ್ಶನದ ತನಕ ಎಳೆಯುವ ಶಿಕ್ಷಕ ಗಂಟಲಿನ ಗಂಟನ್ನು ಸಾಕುತ್ತಿರುತ್ತಾನೆ.

ಆಡಿಷನ್‌ಗೆಂದು ವರ್ಸೋವಾದ ಆರಾಮ್ ನಗರದ ಕಡೆ ಹೋಗುವ ನಟರು ಈಗ ಹೆಚ್ಚಾಗಿ ಮೊದಲು ಸೆಲ್ಫ್ ಟೇಪ್ (ತಾವೇ ಫೋನಿನಲ್ಲಿ ಚಿತ್ರೀಕರಿಸಿದ ಆಡಿಷನ್) ಕಳಿಸಬೇಕಾಗುತ್ತದೆ. ಇದು ಕೋಚಿಂಗಿನ ಪ್ರತ್ಯೇಕ ಪತ್ರಿಕೆಯೇ ಆಗಬೇಕು. ಫೋನು ಕಣ್ಣಿನ ಮಟ್ಟದಲ್ಲಿ, ಅಡ್ಡಡ್ಡಲಾಗಿ. ಎದುರು ಪಾತ್ರ ಓದುವವನು ಲೆನ್ಸಿಗೆ ಅಂಟಿಕೊಂಡಂತೆ ಒಂದು ಪಕ್ಕಕ್ಕೆ. ಬೆಳಕು ಎದುರಿನಿಂದ, ಹಿಂದಿನ ಕಿಟಕಿಯಿಂದಲ್ಲ. ಓದುವವನು ಫೋನಿನ ಹತ್ತಿರವೇ ಇರುವುದರಿಂದ ಅವನ ದನಿ ನಟನ ದನಿಯನ್ನು ನುಂಗುತ್ತದೆ. ಅವನು ಪಿಸುಮಾತಿಗಿಂತ ಸ್ವಲ್ಪವೇ ಮೇಲೆ ಓದಬೇಕು, ಓದಿನಲ್ಲಿ ನಟಿಸಕೂಡದು. ಫ್ಯಾನ್ ಆರಿಸಬೇಕು. ಮುಕ್ಕಾಲು ಗಂಟೆಯಲ್ಲಿ ದೃಶ್ಯದ ಹಿಂದುಮುಂದು ವಿಚಾರಿಸಲು ಹದಿನೈದು ನಿಮಿಷ ಕೊಡದೆ ನೇರ ಟೇಕಿಗೆ ಇಳಿದರೆ ಇಪ್ಪತ್ತು ಟೇಕ್ ಆಗುತ್ತವೆ, ಇಪ್ಪತ್ತೂ ಒಂದೇ ಥರ ಇರುತ್ತವೆ. ಐದನೇ ಟೇಕಿನ ನಂತರ ನಟ ಸುಧಾರಿಸುವುದು ಅಪರೂಪ.

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯ. ನಟನ ಕಣ್ಣಲ್ಲಿ ನೀರು ತರಿಸುವುದೇ ದೊಡ್ಡ ಪಾಠವೆಂಬ ನಂಬಿಕೆ ನಮ್ಮ ಶಿಬಿರಗಳಲ್ಲಿ ಬೇರುಬಿಟ್ಟಿದೆ. ‘ನಿನ್ನ ಅಪ್ಪ ತೀರಿಕೊಂಡ ದಿನ ನೆನಪು ಮಾಡಿಕೋ’ ಎಂದು ಹದಿನೇಳರ ಹುಡುಗನಿಗೆ ಹೇಳುವುದು ಶಿಕ್ಷಣವಲ್ಲ. ಭಾವಸ್ಮೃತಿಯ ಬಗ್ಗೆ ಬರೆದ ಸ್ತಾನಿಸ್ಲಾವ್‌ಸ್ಕಿಯೇ ಕೊನೆಗಾಲದಲ್ಲಿ ದೈಹಿಕ ಕ್ರಿಯೆಗಳ ದಾರಿ ಹಿಡಿದರು. ನಟ ಯಾವ ನೆನಪು ಬಳಸಿದನೆಂದು ಹೇಳಬೇಕಾಗಿಲ್ಲ, ಕೇಳುವ ಹಕ್ಕು ಶಿಕ್ಷಕನಿಗಿಲ್ಲ. ತೀವ್ರ ದೃಶ್ಯದ ನಂತರ ಐದು ನಿಮಿಷ ಕೋಣೆಗೆ ಮರಳಿ ಬರಲು ಇಡಬೇಕು: ತನ್ನ ಹೆಸರು, ಇವತ್ತಿನ ವಾರ, ಕಣ್ಣಿಗೆ ಕಾಣುವ ಮೂರು ವಸ್ತು. ಬಾಲಿಶವಾಗಿ ಕಾಣುತ್ತದೆ, ಆದರೆ ಮನೆಗೆ ಹೋಗುವ ದಾರಿಯಲ್ಲಿ ದಾದರ್ ಸೇತುವೆಯ ನೂಕುನುಗ್ಗಲಿಗೆ ಇಳಿಯುವವನಿಗೆ ಇದು ಬೇಕು. ಮುಟ್ಟುವ ಮೊದಲು ಕೇಳುವುದು, ಬೇಡವೆಂದರೆ ಇನ್ನೊಂದು ದಾರಿ ತೋರಿಸುವುದು, ಒಂಟಿ ತರಗತಿಯ ಬಾಗಿಲಿಗೆ ಚಿಲಕ ಹಾಕದಿರುವುದು, ಹದಿನೆಂಟರೊಳಗಿನವರಿದ್ದರೆ ಇನ್ನೊಬ್ಬ ದೊಡ್ಡವರು ಕೋಣೆಯಲ್ಲಿರುವುದು. ಕಾನೂನೂ ತಿಳಿದಿರಬೇಕು. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಕಡ್ಡಾಯ; ಅದಕ್ಕಿಂತ ಚಿಕ್ಕ ಕಡೆಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ. ಬೇಸಿಗೆ ಶಿಬಿರ ನಡೆಸುವವರಲ್ಲಿ ಎಷ್ಟು ಜನರಿಗೆ ಆ ಸಮಿತಿಯ ವಿಳಾಸ ಗೊತ್ತಿದೆ? ನಟನ ಸುರಕ್ಷತೆಯ ಈ ವಿಷಯವನ್ನೇ ಒಂದು ಪತ್ರಿಕೆ ಮಾಡಿ 4 ಕ್ರೆಡಿಟ್ ಇಡಿ, ಪಾಸಾಗದವರಿಗೆ ಅಭ್ಯಾಸಪಾಠಕ್ಕೆ ಪ್ರವೇಶ ಕೊಡಬೇಡಿ.

ಉಳಿದ 52ರಲ್ಲಿ ದನಿ-ಮಾತಿಗೆ 12, ದೇಹಕ್ಕೆ 12, ತರಬೇತಿಯ ಚರಿತ್ರೆ-ಸಿದ್ಧಾಂತಕ್ಕೆ 10, ಕ್ಯಾಮೆರಾಕ್ಕೆ 8, ಸಂಶೋಧನೆಗೆ 10. ಇದರಲ್ಲಿ ಒಂದೆರಡು ಆಚೀಚೆ ಆದರೆ ನಮ್ಮ ತಕರಾರಿಲ್ಲ.

ಕಲಿಸುವವರು ಎಲ್ಲಿ ಸಿಗುತ್ತಾರೆ ಎಂಬ ಪ್ರಶ್ನೆಗೆ ಯುಜಿಸಿಯೇ 2022ರಲ್ಲಿ ಉತ್ತರ ಕೊಟ್ಟಿದೆ. ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಹುದ್ದೆಗೆ ಪದವಿ ಕಡ್ಡಾಯವಲ್ಲ, ಕ್ಷೇತ್ರದಲ್ಲಿ ಕನಿಷ್ಠ 15 ವರ್ಷದ ಅನುಭವ ಬೇಕು, ಮಂಜೂರಾದ ಹುದ್ದೆಗಳ ಶೇಕಡಾ 10ರ ಮಿತಿಯಲ್ಲಿ ನೇಮಿಸಬಹುದು. ಹೆಸರಾಂತ ತಾರೆಯನ್ನು ತಂದು ವರ್ಷಕ್ಕೆರಡು ಭಾಷಣ ಮಾಡಿಸಲು ಈ ದಾರಿಯನ್ನು ಬಳಸದಿದ್ದರೆ ಸಾಕು.

ಪ್ರವೇಶಕ್ಕೆ ಯಾವುದೇ ಪದವಿ, ಜತೆಗೆ ಮೂರು ವರ್ಷದ ರಂಗ ಅಥವಾ ಚಿತ್ರದ ಕೆಲಸ. ತಂಡಕ್ಕೆ 12 ಜನ, ಹೆಚ್ಚಲ್ಲ. ಸ್ವಗತ ಒಪ್ಪಿಸುವ ಆಡಿಷನ್ ಬೇಡ. ಅಭ್ಯರ್ಥಿಗೆ ಆರು ಜನ ಅಪರಿಚಿತರನ್ನು ಕೊಡಿ, 20 ನಿಮಿಷ ಏನನ್ನಾದರೂ ಕಲಿಸಲಿ. ಆಮೇಲೆ ಒಂದೇ ಒಂದು ಸಲಹೆ ಕೊಟ್ಟು ಅದೇ ಪಾಠವನ್ನು ಮತ್ತೆ ಮಾಡಿಸಿ. ಎರಡನೇ ಸಲ ಬದಲಾದವನನ್ನು ತೆಗೆದುಕೊಳ್ಳಿ, ಮೊದಲ ಸಲ ಮಿಂಚಿದವನನ್ನಲ್ಲ. ಕೊನೆಯ ಪರೀಕ್ಷೆಯೂ ಹೀಗೇ: ಅವನ ವಿದ್ಯಾರ್ಥಿಗಳ ನಾಟಕ ನೋಡಿ ಅಂಕ ಕೊಟ್ಟರೆ ಮತ್ತೆ ನಿರ್ದೇಶಕನಿಗೇ ಅಂಕ ಬೀಳುತ್ತದೆ. ಹೊರಗಿನ ಪರೀಕ್ಷಕರು ಹೇಳದೆ ಬಂದು ಒಂದು ಮಾಮೂಲಿ ತರಗತಿ ನೋಡಲಿ.

ಜಾಗದ ವಿಷಯ, ಮುಂಬಯಿಯಲ್ಲಿ ಕೇಳಲಿಕ್ಕೇ ಮುಜುಗರ. ಹನ್ನೆರಡು ಜನಕ್ಕೆ ಸುಮಾರು 30 ಅಡಿಗೆ 40 ಅಡಿಯ ಕೋಣೆ ಬೇಕು, ನಡುವೆ ಕಂಬ ಇರಬಾರದು. ಕಾಂಕ್ರೀಟಿಗೆ ಅಂಟಿಸಿದ ಟೈಲ್ಸ್ ಮೇಲೆ ದಿನವೂ ಬಿದ್ದೆದ್ದರೆ ವರ್ಷದೊಳಗೆ ಮೊಣಕಾಲು ದೂರು ಹೇಳುತ್ತದೆ. ಮರದ ಪಟ್ಟಿಗಳ ಮೇಲೆ ಪ್ಲೈವುಡ್ ಹಾಸಿದ ನೆಲವಾಗಲಿ. ಅಭ್ಯಾಸಪಾಠಕ್ಕೆ ಹೊರಗೆ ಜಾಗ ಹುಡುಕಬೇಕಾಗಿಲ್ಲ. ಮಾಹಿಮ್‌ನ ಕರ್ನಾಟಕ ಸಂಘ, ಮಾಟುಂಗದ ಮೈಸೂರು ಅಸೋಸಿಯೇಷನ್, ಪಾಲಿಕೆಯ ಕನ್ನಡ ಶಾಲೆಗಳು, ರಾತ್ರಿ ಶಾಲೆಗಳು, ವಾರಾಂತ್ಯಕ್ಕೆ ತಾಲೀಮು ನಡೆಸುವ ಹವ್ಯಾಸಿ ತಂಡಗಳು: ಕಲಿಯುವವರು ಅಲ್ಲಿದ್ದಾರೆ. ಆ ಸಂಸ್ಥೆಗಳ ಹಿರಿಯರಿಗೂ ಈ ಪತ್ರದ ಮೂಲಕವೇ ವಿನಂತಿ, ಬಾಗಿಲು ತೆರೆಯಿರಿ ಎಂದು. ತರಗತಿ ಸಂಜೆ ಏಳರ ಮೊದಲು ಬೇಡ, ಹತ್ತಕ್ಕೆ ಮುಗಿಯಲೇಬೇಕು. ಡೊಂಬಿವಲಿಗೂ ಮೀರಾ ರೋಡಿಗೂ ಹೋಗುವವರಿದ್ದಾರೆ.

ಇಡೀ ಪದವಿ ಒಂದೇ ಏಟಿಗೆ ಆಗದೆಂದು ನಮಗೆ ಗೊತ್ತಿದೆ. 12 ವಾರದ ಒಂದು ಪ್ರಮಾಣಪತ್ರ ಕೋರ್ಸಿನಿಂದ ಶುರುಮಾಡಿ, ಎಂಟು ಜನ ಸಾಕು. ಜೂನ್-ಜುಲೈ ಬೇಡ: ಮಳೆಗೆ ತಗಡಿನ ಮಾಡಿನ ಕೆಳಗೆ ದನಿಯ ಪಾಠ ನಡೆಯುವುದಿಲ್ಲ, ಟ್ರೇನು ನಿಂತ ದಿನ ಅರ್ಧ ತರಗತಿ ಖಾಲಿ. ಗಣೇಶ ಚತುರ್ಥಿ ಕಳೆದ ಮೇಲೆ ಒಳ್ಳೆಯದು. ಅದಕ್ಕೂ ಮೊದಲು, ಅಧ್ಯಯನ ಮಂಡಳಿಯ ಸಭೆಗೆ ನಮಗೆ ಒಂದು ಗಂಟೆ ಕೊಡಿ. ಕುರ್ಚಿ ಮೇಜುಗಳನ್ನು ಗೋಡೆಗೆ ಸರಿಸಿಟ್ಟಿರಿ. ಆರು ಜನ ಅಪರಿಚಿತರನ್ನು ನೀವೇ ಆರಿಸಿ, ಗುಮಾಸ್ತರು, ಕ್ಯಾಂಟೀನಿನ ಹುಡುಗರು ಯಾರಾದರೂ ಸರಿ. ಒಂದೇ ಪಾಠವನ್ನು 20 ನಿಮಿಷದಂತೆ ಎರಡು ಸಲ ಮಾಡುತ್ತೇವೆ. ನಡುವಿನ ಸಲಹೆ ನಿಮ್ಮದು.

ಇತಿ ತಮ್ಮ ವಿಶ್ವಾಸಿಗಳು,
ಮುಂಬಯಿ ಕನ್ನಡ ರಂಗಭೂಮಿಯಲ್ಲಿ ನಟರಿಗೆ ಕಲಿಸುವ ಕೆಲವರು